ವಾಕರಿಕೆಗೆ ಚೀಪುವ ಗುಳಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೊಟ್ಟೆ ತೊಳಸುತ್ತಿರುವಾಗ ನೀರು ಕುಡಿದು ಮಾತ್ರೆ ನುಂಗುವುದೇ ಕಷ್ಟ, ನುಂಗಿದ್ದು ನಿಲ್ಲುವುದು ಇನ್ನೂ ಕಷ್ಟ. ಹಾಗಾಗಿ ಬಾಯಲ್ಲಿಟ್ಟು ಚೀಪುವ ಔಷಧದ ಗುಳಿಗೆ, ಅಂದರೆ ಲೋಜೆಂಜ್, ಫಾರ್ಮಸಿ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಪದೇಪದೇ ಬರುವ ವಿಷಯ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅದನ್ನು ಮಾಡುವವರಿಂದ ಬಂದಿವೆ, ಕೆಲವು ಅದನ್ನು ಬಳಸುವವರಿಂದ.

ಪ್ರಶ್ನೆ: ಸರ್, ನಾವು ಬಿ.ಫಾರ್ಮ್ ಕೊನೇ ವರ್ಷದವರು. ಶುಂಠಿ ಸತ್ವದ ಗಟ್ಟಿ ಲೋಜೆಂಜ್ ಮಾಡಿದ್ವಿ. ಸಕ್ಕರಿ 200 ಗ್ರಾಂ, ಲಿಕ್ವಿಡ್ ಗ್ಲೂಕೋಸ್ 50 ಗ್ರಾಂ, ಬೆಲ್ಲ 50 ಗ್ರಾಂ, ಸಿಟ್ರಿಕ್ ಆಸಿಡ್ 3 ಗ್ರಾಂ, ನೀರು 100 ಮಿ.ಲೀ. ಎಲ್ಲಾ ಕೂಡಿಸಿ 140 ಡಿಗ್ರಿತನಕ ಕುದಿಸಿದ್ವಿ. ಮೊದಲನೇ ದಿನ ಗಾಜಿನಂಗ ಇದ್ವು. ಜುಲೈ ಮಳ್ಯಾಗ ಮೂರೇ ದಿನಕ್ಕ ಅಂಟಂಟಾಗಿ ಒಂದಕ್ಕೊಂದು ಹತ್ತಿಕೊಂಡ್ವು. ಎಲ್ಲಿ ತಪ್ಪಿತು?
— ವಿದ್ಯಾರ್ಥಿನಿಯರು, ಧಾರವಾಡ

ಮಳೆಯನ್ನು ಬೈಯುವ ಮೊದಲು ಆಸಿಡ್ ಹಾಕಿದ ಹೊತ್ತನ್ನು ನೋಡಿ. ಸಕ್ಕರೆ ಪಾಕ ಕುದಿಯುವಾಗ ಸಿಟ್ರಿಕ್ ಆಸಿಡ್ ಜೊತೆಗಿದ್ದರೆ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಫ್ರಕ್ಟೋಸ್ ಗಾಳಿಯ ತೇವ ಎಳೆದುಕೊಳ್ಳುವುದರಲ್ಲಿ ಎತ್ತಿದ ಕೈ. ಬೆಲ್ಲದಲ್ಲಿ ಹೀಗೆ ಒಡೆದ ಸಕ್ಕರೆ ಮೊದಲೇ ಇರುತ್ತದೆ, ಜೊತೆಗೆ ಲವಣಗಳು ಬೇರೆ. ನೀವು ಎರಡನ್ನೂ ಹಾಕಿ ಒಲೆ ಮೇಲಿಟ್ಟಿದ್ದೀರಿ. ಬೆಲ್ಲದ ರುಚಿ ಎಷ್ಟೇ ಚೆನ್ನಾಗಿದ್ದರೂ ಗಟ್ಟಿ ಲೋಜೆಂಜ್‌ನಲ್ಲಿ ಅದನ್ನು ಬಿಟ್ಟುಬಿಡಿ. ಆಸಿಡ್ ಒಲೆಯಿಂದ ಇಳಿಸಿದ ಮೇಲೆ ಮಾತ್ರ.

ಇನ್ನು ಉಷ್ಣತೆ. 140ರಲ್ಲಿ ನಿಲ್ಲಿಸಿದರೆ ಪಾಕದಲ್ಲಿ ನೀರು ಜಾಸ್ತಿ ಉಳಿಯುತ್ತದೆ. ಗಟ್ಟಿ ಲೋಜೆಂಜ್‌ನಲ್ಲಿ ಉಳಿಯಬೇಕಾದ ನೀರು ಶೇ 0.5ರಿಂದ 1.5, ಹೆಚ್ಚೆಂದರೆ 2. ಅದಕ್ಕೆ ತೆರೆದ ಪಾತ್ರೆಯಲ್ಲಿ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಹೋಗಲೇಬೇಕು. ಪುಸ್ತಕದ ಅಂಕಿಗಳು ಸಮುದ್ರಮಟ್ಟದವು ಎಂಬುದನ್ನು ಮರೆಯಬೇಡಿ. ಧಾರವಾಡ ಸುಮಾರು 750 ಮೀಟರ್ ಎತ್ತರದಲ್ಲಿದೆ, ಹುಬ್ಬಳ್ಳಿ ಅದಕ್ಕಿಂತ ಕೊಂಚ ಕೆಳಗೆ. 300 ಮೀಟರ್ ಏರಿದಂತೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಅಂದರೆ ನಿಮ್ಮಲ್ಲಿ ನೀರು 97.5ರ ಹತ್ತಿರ ಕುದಿಯುತ್ತದೆ, ಪುಸ್ತಕದ 150 ನಿಮ್ಮಲ್ಲಿ 147–148. ಪಾಕ ಇಡುವ ಮೊದಲು ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಅದ್ದಿ ನೋಡಿ. ಧಾರವಾಡದಲ್ಲಿ ಅದು ಸರಿಯಾಗಿ 100 ತೋರಿಸಿದರೆ ಖುಷಿಪಡಬೇಡಿ, ಅದು ಎರಡೂವರೆ ಡಿಗ್ರಿ ಹೆಚ್ಚು ಓದುತ್ತಿದೆ. ನಿಮ್ಮ 140 ನಿಜಕ್ಕೂ 137–138 ಆಗಿದ್ದಿರಬಹುದು. ಮನೆಯ ಹಳೇ ಪರೀಕ್ಷೆಯನ್ನೂ ಮಾಡಿ: ಒಂದು ಹನಿ ಪಾಕ ತಣ್ಣೀರಿಗೆ ಬಿಟ್ಟು, ತೆಗೆದು ಬಗ್ಗಿಸಿದರೆ ಬಾಗದೆ ಟಕ್ಕನೆ ಮುರಿಯಬೇಕು, ಹಲ್ಲಿಗೆ ಅಂಟಬಾರದು.

ಅಳತೆಗಳನ್ನು ಹೀಗೆ ಬದಲಿಸಿಕೊಳ್ಳಿ. 3 ಗ್ರಾಂನ ಸುಮಾರು 100 ಲೋಜೆಂಜ್‌ಗೆ ಸಕ್ಕರೆ 180 ಗ್ರಾಂ, ಲಿಕ್ವಿಡ್ ಗ್ಲೂಕೋಸ್ 150 ಗ್ರಾಂ (ಅದರಲ್ಲಿ ಘನಾಂಶ ಶೇ 80, ಅಂದರೆ 120 ಗ್ರಾಂ), ನೀರು 60 ಮಿ.ಲೀ. ಒಣ ಲೆಕ್ಕದಲ್ಲಿ ಇದು 60ಕ್ಕೆ 40. ನಿಮ್ಮ ಅಳತೆಯಲ್ಲಿ ಗ್ಲೂಕೋಸ್ ತೀರಾ ಕಡಿಮೆ. ಆಸಿಡ್ ಮತ್ತು ಬೆಲ್ಲ ತೆಗೆದು ಅದೇ ಅಳತೆ ಉಳಿಸಿಕೊಂಡರೆ ಅಂಟುವ ಬದಲು ಇನ್ನೊಂದು ರೋಗ ಬರುತ್ತದೆ, ಹರಳುಗಟ್ಟುವುದು. ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯಲ್ಲಿ ಬೇಕೆಂದೇ ಹರಳುಗಟ್ಟಿಸುತ್ತಾರೆ, ಅದಕ್ಕೇ ಅದು ಬೆಳ್ಳಗೆ, ಪುಡಿಪುಡಿ. ಲೋಜೆಂಜ್ ಅದರ ತದ್ವಿರುದ್ಧ, ಹರಳಿಲ್ಲದ ಗಾಜಾಗಿಯೇ ಉಳಿಯಬೇಕು. ಲಿಕ್ವಿಡ್ ಗ್ಲೂಕೋಸ್‌ನ ಉದ್ದ ಸರಪಳಿಗಳು ಸಕ್ಕರೆ ಕಣಗಳು ಸಾಲುಗೂಡದಂತೆ ಅಡ್ಡ ನಿಲ್ಲುತ್ತವೆ.

ಮೊದಲು ಸಕ್ಕರೆ ಮತ್ತು ನೀರನ್ನು ಸಣ್ಣ ಉರಿಯಲ್ಲಿ ಪೂರ್ತಿ ಕರಗಿಸಿ. ಪಾತ್ರೆಯ ಅಂಚಿಗೆ ಹತ್ತಿದ ಹರಳನ್ನು ಒದ್ದೆ ಬ್ರಷ್‌ನಿಂದ ಒಳಗೆ ಇಳಿಸಿ, ಅಲ್ಲಿ ಉಳಿದ ಒಂದೇ ಹರಳು ಇಡೀ ಬ್ಯಾಚನ್ನು ಹರಳುಗಟ್ಟಿಸಬಲ್ಲದು. 110 ಡಿಗ್ರಿಗೆ ಬಂದಾಗ ಬೆಚ್ಚಗೆ ಮಾಡಿದ ಲಿಕ್ವಿಡ್ ಗ್ಲೂಕೋಸ್ ಸೇರಿಸಿ, ಅಲ್ಲಿಂದ ಮುಂದೆ ಕಲಕಬೇಡಿ. ಉರಿ ಜೋರು ಮಾಡಿ ಬೇಗ 148 ಮುಟ್ಟಿಸಿ. ನಿಧಾನ ಕುದಿಸಿದಷ್ಟೂ ಬಣ್ಣ ಕಂದಾಗುತ್ತದೆ, ಸಕ್ಕರೆಯೂ ಒಡೆಯುತ್ತದೆ. ಇಳಿಸಿ, ಪಾತ್ರೆಯ ತಳವನ್ನು ಕ್ಷಣಹೊತ್ತು ತಣ್ಣೀರಿಗೆ ತಾಗಿಸಿ ಕುದಿ ನಿಲ್ಲಿಸಿ. 125ರ ಸುಮಾರಿಗೆ ನುಣ್ಣಗೆ ಅರೆದ ಸಿಟ್ರಿಕ್ ಆಸಿಡ್ 3 ಗ್ರಾಂ, ಶುಂಠಿ ಸತ್ವ, ಕಟ್ಟಕಡೆಗೆ ಮೆಂಥಾಲ್ ಅಥವಾ ನಿಂಬೆ ಎಣ್ಣೆ. ಶುಂಠಿಯ ಖಾರದ ಅಂಶವಾದ ಜಿಂಜೆರಾಲ್ ಬಿಸಿಗೆ ನೀರು ಕಳೆದುಕೊಂಡು ಶೋಗಾಲ್ ಆಗುತ್ತದೆ, ಖಾರ ಏರುತ್ತದೆ, ಲೇಬಲ್‌ನಲ್ಲಿ ಬರೆದ ಜಿಂಜೆರಾಲ್ ಪ್ರಮಾಣ ಇಳಿಯುತ್ತದೆ. ಹಾಗಾಗಿ ಸತ್ವ ಹಾಕಿದ ಮೇಲೆ ಪಾತ್ರೆಯನ್ನು ಮತ್ತೆ ಉರಿಗೆ ಇಡಕೂಡದು. ಪಾಕ ಗಟ್ಟಿಯಾಯಿತೆಂದು ಮತ್ತೆ ಬಿಸಿಮಾಡುವುದು ಲ್ಯಾಬ್‌ಗಳಲ್ಲಿ ದಿನಾ ಕಾಣುವ ತಪ್ಪು. ಅದರ ಬದಲು ಅಚ್ಚುಗಳನ್ನೇ ಮೊದಲು 40–50 ಡಿಗ್ರಿಗೆ ಬೆಚ್ಚಗೆ ಮಾಡಿಟ್ಟುಕೊಳ್ಳಿ, ಹೊಯ್ಯಲು ಸಮಯ ಸಿಗುತ್ತದೆ.

ಮಳೆಯ ಪಾತ್ರ ಬರುವುದು ಆಮೇಲೆ. ಆರಿದ ಲೋಜೆಂಜನ್ನು ತಟ್ಟೆಯಲ್ಲಿ ತೆರೆದಿಟ್ಟರೆ ಮುಗಿಯಿತು. ಕೋಣೆಯ ಆರ್ದ್ರತೆ ಶೇ 40ಕ್ಕಿಂತ ಕೆಳಗಿರುವಾಗಲೇ ಸುತ್ತಬೇಕು. ಜುಲೈನ ಧಾರವಾಡದಲ್ಲಿ ಡಿಹ್ಯೂಮಿಡಿಫೈಯರ್ ಇಲ್ಲದೆ ಇದು ಆಗದ ಮಾತು. ಏಪ್ರಿಲ್‌ನಲ್ಲಿ ಗದಗಿನಲ್ಲಿ ಸೊಗಸಾಗಿ ಬಂದ ಬ್ಯಾಚ್ ಮಳೆಗಾಲದಲ್ಲಿ ಇಲ್ಲಿ ಕೈಕೊಟ್ಟರೆ ಆಶ್ಚರ್ಯವಿಲ್ಲ. ಯಂತ್ರ ಇಲ್ಲವಾದರೆ ಡೆಸಿಕೇಟರ್‌ನಲ್ಲಿ (ಬಿಗಿ ಮುಚ್ಚಳದ ಗಾಜಿನ ಪಾತ್ರೆ) ತೇವ ಹೀರುವ ನೀಲಿ ಸಿಲಿಕಾ ಜೆಲ್ ಮೇಲಿಟ್ಟು ಆರಿಸಿ, ಹೊರತೆಗೆದ ತಕ್ಷಣ ಅಲ್ಯೂಮಿನಿಯಂ ಹಾಳೆಯಲ್ಲಿ ಸೀಲ್ ಮಾಡಿ. ಸಕ್ಕರೆ ಬಿಟ್ಟು ಐಸೋಮಾಲ್ಟ್ ಎಂಬ ಬದಲಿ ಸಿಹಿಗೆ ಹೋದರೆ ತೇವದ ಕಾಟ ಬಹಳ ಕಡಿಮೆ, ಸಕ್ಕರೆ ಕಾಯಿಲೆಯವರಿಗೂ ಅನುಕೂಲ. ಆದರೆ ಸಿಹಿ ಸಕ್ಕರೆಯ ಅರ್ಧದಷ್ಟೇ, ಹೆಚ್ಚು ತಿಂದರೆ ಹೊಟ್ಟೆ ಸಡಿಲ.

ಪ್ರಶ್ನೆ: ವಾಂತಿ ತಡೆಯುವ ಔಷಧ ಒಂಡಾನ್‌ಸೆಟ್ರಾನ್‌ನ ಲೋಜೆಂಜ್ ಮೇಲೆ ನಮ್ಮ ಪ್ರಾಜೆಕ್ಟ್. ಬಾಯೊಳಗಿಂದಲೇ ರಕ್ತಕ್ಕೆ ಸೇರುವುದರಿಂದ ಲಿವರ್‌ನ ಮೊದಲ ಸುತ್ತು (ನುಂಗಿದ ಔಷಧದ ಒಂದು ಪಾಲನ್ನು ಲಿವರ್ ಮೊದಲೇ ಒಡೆದುಬಿಡುವುದು) ತಪ್ಪುತ್ತದೆ ಎಂದು ಪ್ರಸ್ತಾವನೆಯಲ್ಲಿ ಬರೆದಿದ್ದೇವೆ. ಪರೀಕ್ಷಕರು ಒಪ್ಪುತ್ತಿಲ್ಲ. ಹುಳಿ ರುಚಿಗೆ ಸಿಟ್ರಿಕ್ ಆಸಿಡ್ ಸಹ ಹಾಕಿದ್ದೇವೆ.
— ಎಂ.ಫಾರ್ಮ್ ವಿದ್ಯಾರ್ಥಿ, ಹುಬ್ಬಳ್ಳಿ

ಪರೀಕ್ಷಕರು ಸರಿ. ಲೋಜೆಂಜ್ ಚೀಪುವಾಗ ಜೊಲ್ಲು ನಿಮಿಷಕ್ಕೆ ಒಂದೆರಡು ಮಿ.ಲೀ. ಸುರಿಯುತ್ತದೆ. ಹತ್ತು ನಿಮಿಷ ಚೀಪಿದರೆ 10–20 ಮಿ.ಲೀ. ಅಷ್ಟನ್ನೂ ಮನುಷ್ಯ ನುಂಗುತ್ತಲೇ ಇರುತ್ತಾನೆ, ಔಷಧದ ಬಹುಪಾಲು ಅದರೊಂದಿಗೆ ಹೊಟ್ಟೆಗೇ ಹೋಗುತ್ತದೆ.

ಅದರ ಮೇಲೆ ನೀವು ಆಸಿಡ್ ಹಾಕಿ ದಾರಿಯನ್ನು ಇನ್ನೂ ಮುಚ್ಚಿದ್ದೀರಿ. ಒಂಡಾನ್‌ಸೆಟ್ರಾನ್‌ನ ಪಿಕೆಎ, ಅಂದರೆ ಅದರ ಅರ್ಧ ಭಾಗ ಅಯಾನು ಆಗಿರುವ ಪಿಎಚ್, ಸುಮಾರು 7.4. ಜೊಲ್ಲಿನ ಪಿಎಚ್ 6.8 ಇದ್ದಾಗಲೇ ಅದರ ಶೇ 80ರಷ್ಟು ಅಯಾನು ರೂಪದಲ್ಲಿರುತ್ತದೆ, ಬಾಯಿಯ ಒಳಪದರ ದಾಟಬಲ್ಲದ್ದು ಉಳಿದ ಶೇ 20 ಮಾತ್ರ. ಹುಳಿಯಿಂದ ಪಿಎಚ್ 5ಕ್ಕೆ ಇಳಿದರೆ ದಾಟುವ ಭಾಗ ಶೇ 1ಕ್ಕಿಂತ ಕಡಿಮೆ. ಸರಿ, ಆಸಿಡ್ ತೆಗೆದು ಕ್ಷಾರದ ಕಡೆಗೆ ಹೋಗೋಣವೆಂದರೆ ಅಲ್ಲಿ ಒಂಡಾನ್‌ಸೆಟ್ರಾನ್ ಸರಿಯಾಗಿ ಕರಗುವುದೇ ಇಲ್ಲ. ಈ ಇಕ್ಕಟ್ಟನ್ನೇ ಪ್ರಾಜೆಕ್ಟ್‌ನ ತಿರುಳು ಮಾಡಿಕೊಳ್ಳಿ, ಪರೀಕ್ಷಕರು ಸಂತೋಷಪಡುತ್ತಾರೆ. ಪ್ರಸ್ತಾವನೆಯಲ್ಲಿ "ನೀರಿಲ್ಲದೆ ತೆಗೆದುಕೊಳ್ಳಬಹುದು, ನಿಧಾನವಾಗಿ ಒಳಹೋಗುತ್ತದೆ, ಚೀಪುವ ಕ್ರಿಯೆಯೇ ಕೆಲವರಿಗೆ ಹಿತ" ಎಂದು ಬರೆದರೆ ಸಾಕು, ಅದು ನಿಜ. ಬಾಯಿಂದ ತೆಗೆದುಕೊಂಡ ಒಂಡಾನ್‌ಸೆಟ್ರಾನ್ ಮೊದಲ ಸುತ್ತಿನ ನಂತರವೂ ಸುಮಾರು ಶೇ 60 ಉಳಿಯುತ್ತದೆ. ತಪ್ಪಿಸಿಕೊಳ್ಳಲೇಬೇಕಾದ ಅಂಥ ನಷ್ಟವೇನೂ ಅಲ್ಲ.

ಇನ್ನೊಂದು ಮಾತು, ಲವಣದ ಲೆಕ್ಕ. ಲೇಬಲ್‌ನ 4 ಮಿ.ಗ್ರಾಂ ಎಂದರೆ ಒಂಡಾನ್‌ಸೆಟ್ರಾನ್ ಬೇಸ್, ಲವಣವಾಗದ ಮೂಲ ಔಷಧ. ನೀವು ತೂಗುವುದು ಅದರ ಲವಣ, ಹೈಡ್ರೋಕ್ಲೋರೈಡ್ ಡೈಹೈಡ್ರೇಟ್. ಅಣುತೂಕಗಳ 293.4ಕ್ಕೆ 365.9ರ ಅನುಪಾತದಲ್ಲಿ 4 ಮಿ.ಗ್ರಾಂ ಬೇಸ್‌ಗೆ ಸುಮಾರು 5 ಮಿ.ಗ್ರಾಂ ಲವಣ ಬೇಕು. ಇದನ್ನು ಮರೆತ ಪ್ರಾಜೆಕ್ಟ್‌ಗಳಲ್ಲಿ "ಔಷಧ ಪ್ರಮಾಣ ಶೇ 80" ಎಂಬ ಫಲಿತಾಂಶ ಬರುತ್ತದೆ, ಆಮೇಲೆ ಕಾರಣವನ್ನು ಬಿಸಿಯ ತಲೆಗೆ ಕಟ್ಟುತ್ತಾರೆ. ಕಹಿಯೂ ದೊಡ್ಡ ತೊಡಕು. ಹಣ್ಣಿನ ಸುವಾಸನೆ ಅದನ್ನು ಮುಚ್ಚುವುದಿಲ್ಲ. ಅಯಾನ್ ವಿನಿಮಯ ರಾಳಕ್ಕೆ ಅಥವಾ ಸೈಕ್ಲೋಡೆಕ್ಸ್‌ಟ್ರಿನ್‌ಗೆ ಕಟ್ಟಿ ನೋಡಿ.

ಪ್ರಶ್ನೆ: ನಮ್ಮದೂ ಒಂಡಾನ್‌ಸೆಟ್ರಾನ್ ಲೋಜೆಂಜ್, ಎಲ್ಲವೂ ಒಂದೇ ಬ್ಯಾಚ್. ಹತ್ತು ಲೋಜೆಂಜ್ ಪರೀಕ್ಷಿಸಿದರೆ ಒಂದರಲ್ಲಿ ಶೇ 84, ಇನ್ನೊಂದರಲ್ಲಿ ಶೇ 118. ತೂಕ ಮಾತ್ರ ಎಲ್ಲವೂ ಸಮ ಇವೆ. ಯಾವ ಯಾವ ಪರೀಕ್ಷೆ ಮಾಡಬೇಕು, ಮಿತಿ ಎಷ್ಟು ಎಂಬುದನ್ನೂ ತಿಳಿಸಿ.
— ಫಾರ್ಮಸಿ ವಿದ್ಯಾರ್ಥಿ, ಹಾವೇರಿ

ತೂಕ ಸಮ ಇದ್ದು ಔಷಧ ಸಮ ಇಲ್ಲವೆಂದರೆ ಬೆರಕೆಯಲ್ಲಿ ದೋಷ. ಸುಮಾರು 500 ಮಿ.ಗ್ರಾಂ ಪುಡಿಯನ್ನು 300 ಗ್ರಾಂ ಜಿಗುಟು ಪಾಕಕ್ಕೆ ನೇರವಾಗಿ ಉದುರಿಸಿದರೆ ಅದು ಗಂಟುಗಂಟಾಗಿ ಕೂರುತ್ತದೆ. ಔಷಧವನ್ನು ಸ್ವಲ್ಪ ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ಕದಡಿಯೋ, ಪುಡಿ ಸಕ್ಕರೆಯೊಂದಿಗೆ ಹಂತಹಂತವಾಗಿ ಅರೆದೋ ಹಾಕಿ. ನೀರಿನಲ್ಲಿ ಕರಗಿಸಿ ಹಾಕುವವರಿದ್ದಾರೆ. ಅಷ್ಟು ಕಷ್ಟಪಟ್ಟು ಓಡಿಸಿದ ನೀರನ್ನು ಮತ್ತೆ ಕರೆತಂದಂತಾಗುತ್ತದೆ. ಜೋರಾಗಿ ಕಲಕಿದರೆ ಗಾಳಿಗುಳ್ಳೆ ಸಿಕ್ಕಿ ಆಗ ತೂಕವೂ ಹೆಚ್ಚುಕಡಿಮೆ ಆಗುತ್ತದೆ, ಮಡಚಿ ಮಡಚಿ ಬೆರೆಸಿ. ಕರಗದ ಕಣಗಳಿದ್ದರೆ ಹೊಯ್ಯುವ ಹೊತ್ತಿಗೆ ತಳಕ್ಕಿಳಿಯುತ್ತವೆ. ಮೊದಲು ಹೊಯ್ದದ್ದು, ನಡುವಿನದು, ಕೊನೆಯದು ಎಂದು ಗುರುತು ಮಾಡಿ ಮೂರೂ ಕಡೆಯಿಂದ ತೆಗೆದು ಪರೀಕ್ಷಿಸಿ. ಪ್ರಮಾಣ ಮೊದಲಿಂದ ಕೊನೆಗೆ ಒಂದೇ ಸಮ ಏರುತ್ತಿದ್ದರೆ ಕಣ ಕೂರುತ್ತಿದೆ, ಎಲ್ಲೆಂದರಲ್ಲಿ ಏರಿಳಿದರೆ ಗಂಟು.

ಔಷಧದ ತೂಕವನ್ನು ಕಚ್ಚಾ ಸಾಮಾನಿನ ಲೆಕ್ಕದ ಮೇಲೆ ಹಾಕಬೇಡಿ. ಖಾಲಿ ಪಾತ್ರೆ ಮತ್ತು ಸೌಟನ್ನು ಮೊದಲೇ ತೂಗಿಟ್ಟುಕೊಂಡು ಕುದಿಸಿದ ಪಾಕವನ್ನು ಪಾತ್ರೆಸಹಿತ ತೂಗಿ. ಪಾಕ 303 ಗ್ರಾಂ ಇದೆ, ಲೋಜೆಂಜ್ 3 ಗ್ರಾಂ, ಪ್ರತಿಯೊಂದರಲ್ಲಿ 5 ಮಿ.ಗ್ರಾಂ ಲವಣ ಎಂದರೆ ಬೇಕಾದದ್ದು 505 ಮಿ.ಗ್ರಾಂ. ಔಷಧದ ಪಾಲು ದೊಡ್ಡದಿದ್ದಾಗ ಅದರ ತೂಕವೂ ಲೆಕ್ಕಕ್ಕೆ ಬರಬೇಕು. ಮೇಲಿನ ಶುಂಠಿ ಲೋಜೆಂಜ್‌ನಲ್ಲಿ ಪಾಕ ಮತ್ತು ಆಸಿಡ್ ಕೂಡಿ 306 ಗ್ರಾಂ, ಪ್ರತಿ 3 ಗ್ರಾಂನಲ್ಲಿ 100 ಮಿ.ಗ್ರಾಂ ಸತ್ವ ಬೇಕು. ಅಂದರೆ ಒಟ್ಟಿನ ಮೂವತ್ತನೇ ಒಂದು ಪಾಲು. 306ನ್ನು 29ರಿಂದ ಭಾಗಿಸಿ, 10.55 ಗ್ರಾಂ ಬರುತ್ತದೆ. ನೂರು ಲೋಜೆಂಜ್‌ಗೆ ಹತ್ತು ಗ್ರಾಂ ಎಂದು ಕಣ್ಣಂದಾಜಿನಲ್ಲಿ ಹಾಕಿದರೆ ಪ್ರತಿಯೊಂದಕ್ಕೂ 95 ಮಿ.ಗ್ರಾಂ ಮಾತ್ರ ಸಿಗುತ್ತದೆ. ಪಾತ್ರೆಗೆ ಹತ್ತಿ ಹೋಗುವ ಪಾಕದೊಂದಿಗೆ ಔಷಧವೂ ಅದೇ ಅನುಪಾತದಲ್ಲಿ ಹೋಗುವುದರಿಂದ ಅದಕ್ಕೆ ಪ್ರತ್ಯೇಕ ಹೆಚ್ಚುವರಿ ಬೇಡ, ಲೋಜೆಂಜ್ ಎಣಿಕೆ ಕಡಿಮೆಯಾಗುತ್ತದೆ ಅಷ್ಟೇ.

ಪರೀಕ್ಷೆಗಳಲ್ಲಿ ತೂಕ: 20 ಲೋಜೆಂಜ್ ತೂಗಿ ಸರಾಸರಿಯ ಶೇ 5ರೊಳಗೆ ಇರಬೇಕು, ಎರಡಕ್ಕಿಂತ ಹೆಚ್ಚು ಹೊರಗೆ ಹೋಗಕೂಡದು, ಯಾವುದೂ ಶೇ 10 ದಾಟಬಾರದು. 4 ಮಿ.ಗ್ರಾಂನಂಥ ಸಣ್ಣ ಪ್ರಮಾಣಕ್ಕೆ ಪ್ರತಿ ಲೋಜೆಂಜ್‌ನ ಔಷಧ ಅಳೆಯುವುದು ಕಡ್ಡಾಯ. ಚೌಕಟ್ಟು ಶೇ 85ರಿಂದ 115, ಒಂದೇ ಒಂದು 75–125 ದಾಟಿದರೂ ಬ್ಯಾಚ್ ಫೇಲ್. ನೀರಿನಂಶಕ್ಕೆ ಸಾದಾ ಓವನ್ ನಂಬಬೇಡಿ. ಮೆಂಥಾಲ್ ಹಾರಿಹೋಗಿ ಅದನ್ನೂ ನೀರೆಂದೇ ಓದುತ್ತದೆ. ನೀರನ್ನು ಮಾತ್ರ ಅಳೆಯುವ ಕಾರ್ಲ್ ಫಿಶರ್ ವಿಧಾನ ಮಾಡಿ, ಸಕ್ಕರೆ ಮೆಥನಾಲ್‌ನಲ್ಲಿ ಸರಿಯಾಗಿ ಕರಗದು, ಫಾರ್ಮಮೈಡ್ ಬೆರೆಸಿಕೊಳ್ಳಿ. ಕರಗುವ ಹೊತ್ತು ನೋಡಲು 37 ಡಿಗ್ರಿಯ, ಪಿಎಚ್ 6.8ರ ಫಾಸ್ಫೇಟ್ ಬಫರ್.

ಯುವಿಯಲ್ಲಿ (ನೇರಳಾತೀತ ಬೆಳಕಿನಲ್ಲಿ) ಔಷಧ ಅಳೆಯುವವರು ಒಂದನ್ನು ಗಮನಿಸಲೇಬೇಕು. ಕುದಿಸಿದ ಸಕ್ಕರೆಯಲ್ಲಿ ಹೈಡ್ರಾಕ್ಸಿಮೀಥೈಲ್ ಫರ್ಫ್ಯೂರಾಲ್ ಹುಟ್ಟುತ್ತದೆ, ಅದು 284 ನ್ಯಾನೊಮೀಟರ್‌ನಲ್ಲಿ ಬೆಳಕು ಹೀರುತ್ತದೆ. ಒಂಡಾನ್‌ಸೆಟ್ರಾನ್ ಓದುವುದು 310ರಲ್ಲಿ. ಆ ಹೀರಿಕೆಯ ಬಾಲ ಅಲ್ಲಿಗೂ ಚಾಚುತ್ತದೆ. ಬರೀ ಬಫರನ್ನು ಬ್ಲ್ಯಾಂಕ್ (ಸೊನ್ನೆಗೆ ಹಿಡಿಯುವ ದ್ರಾವಣ) ಇಟ್ಟರೆ ಫಲಿತಾಂಶ ಉಬ್ಬುತ್ತದೆ. ಔಷಧವಿಲ್ಲದ ಲೋಜೆಂಜನ್ನು ಅದೇ ಉಷ್ಣತೆಗೆ, ಅಷ್ಟೇ ಹೊತ್ತು ಕುದಿಸಿ ತಯಾರಿಸಿ, ಅದನ್ನೇ ಕರಗಿಸಿ ಬ್ಲ್ಯಾಂಕ್ ಇಡಿ. ನಿಮ್ಮ 118ರಲ್ಲಿ ಇದರ ಪಾಲೂ ಇರಬಹುದು.

ಪ್ರಶ್ನೆ: ಪಾಕ ಹೊಯ್ಯದೆ, ಮಾತ್ರೆಯಂತೆ ಯಂತ್ರದಲ್ಲಿ ಒತ್ತಿ ಮಾಡುವ ಲೋಜೆಂಜ್ ಮಾಡುತ್ತಿದ್ದೇವೆ. ಮೇಲಿನ ಪದರ ಟೋಪಿಯಂತೆ ಕಳಚುತ್ತದೆ, ಮೆಂಥಾಲ್ ಹಾಕಿದಾಗಿಂದ ಯಂತ್ರದ ಒತ್ತುವ ಪಂಚ್‌ಗೆ ಅಂಟುತ್ತದೆ.
— ಗದಗ

ಗದಗಿನ ಬೇಸಿಗೆ ಗಾಳಿಯಲ್ಲಿ ಗ್ರಾನ್ಯೂಲ್ (ಒತ್ತಲು ಸಿದ್ಧಪಡಿಸಿದ ರವೆಯಂಥ ಕಾಳು) ಅತಿಯಾಗಿ ಒಣಗಿರುತ್ತದೆ. ಶೇ 1ರಿಂದ 2 ತೇವ ಉಳಿಸಿಕೊಳ್ಳಿ. ನುಣ್ಣನೆ ಪುಡಿ ಹೆಚ್ಚಿದ್ದರೆ ನಡುವೆ ಗಾಳಿ ಸಿಕ್ಕಿ ಟೋಪಿ ಏಳುತ್ತದೆ, ಜರಡಿ ಹಿಡಿದು ಪುಡಿಯನ್ನು ಶೇ 15–20ರೊಳಗೆ ತನ್ನಿ. ಅಂಟಾಗಿ ಹಾಕುವ ಪಿವಿಪಿ ಕೆ-30 ದ್ರಾವಣ ಶೇ 5 ಇದ್ದರೆ 10ಕ್ಕೆ ಏರಿಸಿ, ಯಂತ್ರದ ವೇಗ ತಗ್ಗಿಸಿ. ಅಂಟದಂತೆ ಹಾಕುವ ಮೆಗ್ನೀಸಿಯಂ ಸ್ಟಿಯರೇಟ್ ಶೇ 1 ಸಾಕು, ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಬೆರೆಸಿದರೆ ಗಟ್ಟಿತನ ಬರುವುದಿಲ್ಲ. ಮೆಂಥಾಲ್ 42 ಡಿಗ್ರಿ ಆಸುಪಾಸಿಗೆ ಕರಗುತ್ತದೆ, ಓಡುವ ಯಂತ್ರದ ಡೈ ಅಷ್ಟು ಬಿಸಿಯಾಗುವುದು ದೊಡ್ಡ ಮಾತಲ್ಲ. ಅದನ್ನು ಸ್ವಲ್ಪ ಆಲ್ಕೋಹಾಲ್‌ನಲ್ಲಿ ಕರಗಿಸಿ ಕೊಲಾಯ್ಡಲ್ ಸಿಲಿಕಾಗೆ ಹೀರಿಸಿ, ಕೊನೆಗೆ ಬೆರೆಸಿ.

ನಿಮ್ಮ ಪಟ್ಟಿಯಲ್ಲಿ ಕ್ರಾಸ್‌ಪೊವಿಡೋನ್ ಇದ್ದರೆ ತೆಗೆಯಿರಿ. ಮಾತ್ರೆ ಮಾಡಿದ ರೂಢಿಯಲ್ಲಿ ಒಡೆಯುವ ಪದಾರ್ಥ ಸೇರಿಸುವವರು ಬಹಳ. ಲೋಜೆಂಜ್ ಒಡೆಯಬಾರದು, ಸವೆಯಬೇಕು. ಮನ್ನಿಟಾಲ್ ಬಾಯಿಗೆ ತಂಪು ಕೊಡುತ್ತದೆ, ವಾಕರಿಕೆ ಇರುವವರಿಗೆ ಅದು ಇಷ್ಟವಾಗುತ್ತದೆ. ಬಿಸಿಗೆ ಕೆಡುವ ಔಷಧವಿದ್ದರೆ ಪಾಕದ ದಾರಿಗಿಂತ ಈ ಒತ್ತುವ ದಾರಿಯೇ ಲೇಸು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಅಣ್ಣಾರ, ಹುಬ್ಬಳ್ಳಿಯಿಂದ ಕಾರವಾರಕ್ಕ ಬಸ್ಸಿನ್ಯಾಗ ಹೋಗಬೇಕಂದ್ರ ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯೂದ್ರಾಗ ನನಗೂ ಮೂರು ವರ್ಷದ ಮಗನಿಗೂ ವಾಂತಿ. ಮನ್ಯಾಗ ಒಂಡಾನ್‌ಸೆಟ್ರಾನ್ ಗುಳಿಗಿ ಅದಾವ. ಶುಂಠಿ ಪೆಪ್ಪರಮಿಂಟ್ ಕೊಡಬಹುದೇನ್ರಿ?
— ಗೃಹಿಣಿ, ಹುಬ್ಬಳ್ಳಿ

ಮಗನಿಗೆ ಗಟ್ಟಿ ಪೆಪ್ಪರಮಿಂಟ್ ಯಾವುದನ್ನೂ ಕೊಡಬೇಡಿರಿ ತಾಯಿ. ಅಲುಗಾಡುವ ಬಸ್ಸಿನಲ್ಲಿ ಗಂಟಲಿಗೆ ಸಿಕ್ಕಿಕೊಂಡರೆ ಉಸಿರೇ ನಿಲ್ಲುತ್ತದೆ. ನಾಲ್ಕೈದು ವರ್ಷದೊಳಗಿನವರಿಗೆ ಲೋಜೆಂಜ್ ಇಲ್ಲವೇ ಇಲ್ಲ. ಅವನಿಗೆ ಔಷಧಿ ಬೇಕಾದರೆ ಮಕ್ಕಳ ಡಾಕ್ಟರು ತೂಕ ನೋಡಿ ಬರೆಯಲಿ.

ಒಂಡಾನ್‌ಸೆಟ್ರಾನ್ ಕೀಮೊ, ಶಸ್ತ್ರಚಿಕಿತ್ಸೆ, ಭೇದಿ-ವಾಂತಿಗೆ ಒಳ್ಳೆಯದು. ಪ್ರಯಾಣದ ವಾಂತಿಗೆ ಅದು ಕೆಲಸ ಮಾಡುವುದಿಲ್ಲ. ಈ ವಾಂತಿ ಹುಟ್ಟುವುದು ಒಳಕಿವಿಯ ಸಮತೋಲನದ ಗೊಂದಲದಿಂದ, ಅದಕ್ಕೆ ಮೆಕ್ಲಿಜಿನ್‌ನಂಥ ಔಷಧ ಬೇಕು, ಅದೂ ಬಸ್ ಹತ್ತುವ ಒಂದು ತಾಸು ಮೊದಲು. ಘಾಟ್ ಶುರುವಾದ ಮೇಲೆ ನುಂಗಿದರೆ ಅಂಕೋಲೆಯಲ್ಲಿ ನಿದ್ದೆ ಬರುತ್ತದೆ ಅಷ್ಟೇ. ನಿಮಗೆ ಹಸಿಶುಂಠಿ ಚೂರಿಗೆ ಉಪ್ಪು ಹಚ್ಚಿ ಚೀಪಿದರೆ ತಪ್ಪಿಲ್ಲ. ಮುಂದಿನ ಅಥವಾ ನಡುವಿನ ಸೀಟು ಹಿಡಿಯಿರಿ, ಹಿಂದಿನ ಗಾಲಿಯ ಮೇಲೆ ಬೇಡ. ದೂರದ ರಸ್ತೆ ನೋಡಿ, ಮೊಬೈಲ್ ನೋಡಬೇಡಿ.

ಪ್ರಶ್ನೆ: ಎರಡೂವರೆ ತಿಂಗಳ ಬಸುರಿ. ಬೆಳಿಗ್ಗೆ ಎದ್ದ ಕೂಡಲೇ ವಾಕರಿಕೆ. ಶುಂಠಿ ಲೋಜೆಂಜ್ ದಿನಕ್ಕೆ ಎಷ್ಟು ಚೀಪಬಹುದು?
— ಲಕ್ಷ್ಮೇಶ್ವರ

ಬಸುರಿನ ವಾಕರಿಕೆಯ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಬಳಸಿದ್ದು ದಿನಕ್ಕೆ ಒಟ್ಟು 1 ಗ್ರಾಂ ಒಣಶುಂಠಿ ಪುಡಿ, 250 ಮಿ.ಗ್ರಾಂನಂತೆ ನಾಲ್ಕು ಸಲ. ಲೋಜೆಂಜ್ ಮೇಲೆ "ಸತ್ವ" ಎಂದಿದ್ದರೆ ಅದು ಪುಡಿಗಿಂತ ಗಾಢ, ಎಷ್ಟು ಪುಡಿಗೆ ಸಮ ಎಂದು ಬರೆದಿರಬೇಕು. ಬರೆದಿಲ್ಲವೆಂದರೆ ಕೊಳ್ಳಬೇಡಿ. ಶುರುಮಾಡುವ ಮೊದಲು ನಿಮ್ಮ ಡಾಕ್ಟರಮ್ಮನವರಿಗೆ ಒಂದು ಮಾತು ಹೇಳಿ, ಅದರಲ್ಲೂ ರಕ್ತ ತೆಳುಮಾಡುವ ಮಾತ್ರೆ ಇದ್ದರೆ, ರಕ್ತಸ್ರಾವ ಕಂಡಿದ್ದರೆ, ಸಕ್ಕರೆ ಏರಿದ್ದರೆ. ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ತೂಕ ಇಳಿದರೆ ಲೋಜೆಂಜ್ ಬಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಸಣ್ಣ ಪ್ರಮಾಣದಲ್ಲಿ ಶುಂಠಿ ಲೋಜೆಂಜ್ ಮಾಡಿ "ವಾಂತಿ ನಿಲ್ಲಿಸುತ್ತದೆ" ಎಂದು ಮಾರುವ ಯೋಚನೆ. ಆಹಾರ ಪರವಾನಗಿ ಸಾಕೇ?
— ಉದ್ಯಮಿ, ಹುಬ್ಬಳ್ಳಿ

ಸಾಲದು. ಆಹಾರದ ಪರವಾನಗಿಯಲ್ಲಿ ಶುಂಠಿ ಪೆಪ್ಪರಮಿಂಟ್ ಎಂದು ಮಾರಬಹುದು, ರೋಗ ವಾಸಿಯ ಮಾತು ಆಡುವಂತಿಲ್ಲ. ಆ ಮಾತು ಬೇಕೆಂದರೆ ಆಯುರ್ವೇದ ಔಷಧವಾಗಿ 25-ಡಿ ಪರವಾನಗಿ, ಷೆಡ್ಯೂಲ್ ಟಿ ಪ್ರಕಾರದ ತಯಾರಿಕಾ ಜಾಗ ಬೇಕು. ಒಂಡಾನ್‌ಸೆಟ್ರಾನ್‌ನಂಥದ್ದನ್ನು ಇದರಲ್ಲಿ ಬೆರೆಸುವ ಮಾತೇ ಇಲ್ಲ. ಅದು ಚೀಟಿ ಇಲ್ಲದೆ ಮಾರಲಾಗದ ಷೆಡ್ಯೂಲ್ ಎಚ್ ಔಷಧ, ಅದರ ಕಾರ್ಖಾನೆಗೆ ಷೆಡ್ಯೂಲ್ ಎಂ ನಿಯಮಗಳು.

ಕಚ್ಚಾ ಶುಂಠಿಯಲ್ಲೇ ಅರ್ಧ ಗುಣಮಟ್ಟ ಇದೆ. ಮಾರುಕಟ್ಟೆಯ ಬೆಳ್ಳನೆ ಒಣಶುಂಠಿಗೆ ಎಷ್ಟೋ ಸಲ ಸುಣ್ಣದ ನೀರು ಹಾಯಿಸಿರುತ್ತಾರೆ. ಒಂದು ಚೂರಿನ ಮೇಲೆ ನಿಂಬೆರಸ ಹಿಂಡಿ, ನೊರೆ ಎದ್ದರೆ ವಾಪಸ್ ಕಳಿಸಿ. ಸುಣ್ಣ ನಿಮ್ಮ ಸಿಟ್ರಿಕ್ ಆಸಿಡನ್ನು ತಿನ್ನುತ್ತದೆ, ಜಿಂಜೆರಾಲ್ ಉಳಿಯುವುದು ಕೊಂಚ ಹುಳಿಯಲ್ಲಿ, ಪಿಎಚ್ 4ರ ಹತ್ತಿರ. ಪ್ರತಿ ಲಾಟ್‌ಗೆ ಭಾರಲೋಹ ಪರೀಕ್ಷೆ ಮಾಡಿಸಿ: ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿಪಿಎಂ ಮಿತಿ. ಶುಂಠಿ ಸರಿಯಾಗಿ ಒಣಗದೆ ಬೂಸಲು ಹಿಡಿದಿದ್ದರೆ ಅಫ್ಲಾಟಾಕ್ಸಿನ್ ಎಂಬ ವಿಷ ಬರುತ್ತದೆ, ಪಾಕದ ಬಿಸಿ ಅದನ್ನು ನಾಶಮಾಡುತ್ತದೆಂದು ನಂಬಿ ಕೂರಬೇಡಿ.

ಪ್ರಶ್ನೆ: ನಮ್ಮ ಲೋಜೆಂಜ್ ವಾಕರಿಕೆ ಕಡಿಮೆ ಮಾಡುತ್ತದೆಂದು ತೋರಿಸುವುದು ಹೇಗೆ? ಇಲಿಗಳ ಮೇಲೆ ಮಾಡಬಹುದೇ? ಹಾಸ್ಟೆಲ್ ಗೆಳೆಯರು ಚೀಪಲು ಸಿದ್ಧರಿದ್ದಾರೆ.
— ಎಂ.ಫಾರ್ಮ್ ವಿದ್ಯಾರ್ಥಿನಿ, ಧಾರವಾಡ

ಇಲಿಗೆ ವಾಂತಿ ಮಾಡಲು ಬರುವುದೇ ಇಲ್ಲ. ಹೊಟ್ಟೆ ಕೆಟ್ಟಾಗ ಅದು ಜೇಡಿಮಣ್ಣು ತಿನ್ನುತ್ತದೆ. ವಾಕರಿಕೆ ತರುವ ಕ್ಯಾನ್ಸರ್ ಔಷಧ ಸಿಸ್ಪ್ಲಾಟಿನ್ ಕೊಟ್ಟು, ಎಷ್ಟು ಕೆಯೊಲಿನ್ (ಬಿಳಿ ಜೇಡಿ) ತಿಂದಿತು ಎಂದು ತೂಗುವ ವಿಧಾನವಿದೆ. ಕೋಳಿಮರಿಗೆ ತಾಮ್ರದ ಸಲ್ಫೇಟ್ ಕುಡಿಸಿ ಹತ್ತು ನಿಮಿಷದ ಓಕರಿಕೆ ಎಣಿಸುವ ವಿಧಾನವೂ ಇದೆ. ಎರಡಕ್ಕೂ ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಆದರೆ ಯೋಚಿಸಿ, ಇಲಿಯಾಗಲಿ ಮರಿಯಾಗಲಿ ಲೋಜೆಂಜ್ ಚೀಪುವುದಿಲ್ಲ. ನೀವು ಕುಡಿಸುವುದು ಸತ್ವವನ್ನು. ಹಾಗಾಗಿ ಫಲಿತಾಂಶ ಸತ್ವದ್ದು, ಲೋಜೆಂಜ್‌ದಲ್ಲ. ಪ್ರಬಂಧದ ತಲೆಬರಹದಲ್ಲಿ "ಲೋಜೆಂಜ್‌ನ ವಾಂತಿನಿರೋಧಕ ಪರಿಣಾಮ" ಎಂದು ಬರೆದರೆ ಅದು ಸುಳ್ಳಾಗುತ್ತದೆ. ಒಂದು ವರ್ಷದ ಪ್ರಾಜೆಕ್ಟ್‌ಗೆ ತಯಾರಿಕೆ ಮತ್ತು ಗುಣಮಟ್ಟದ ಪರೀಕ್ಷೆಯೇ ಸಾಕಷ್ಟು ಕೆಲಸ, ಅಲ್ಲಿಗೇ ನಿಲ್ಲಿಸುವುದು ಮರ್ಯಾದೆಯ ದಾರಿ.

ಹಾಸ್ಟೆಲ್ ಗೆಳೆಯರು ಬೇಡ. ಔಷಧ ಹಾಕದ ಲೋಜೆಂಜ್‌ನ ರುಚಿ ನೋಡಲು ಕೂಡ ಸಮಿತಿಗೆ ತಿಳಿಸಿ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಔಷಧ ಇದ್ದರಂತೂ ಮಾನವ ನೈತಿಕ ಸಮಿತಿಯ ಅನುಮತಿ, ವೈದ್ಯರ ಮೇಲ್ವಿಚಾರಣೆ, ಮೊದಲ ವ್ಯಕ್ತಿಯನ್ನು ಸೇರಿಸುವ ಮುಂಚೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆ) ನೋಂದಣಿ ಆಗಲೇಬೇಕು. ಅಳೆಯುವುದಕ್ಕೆ 100 ಮಿ.ಮೀ. ಗೆರೆಯ ಮೇಲೆ ರೋಗಿಯೇ ಗುರುತು ಹಾಕುವ ಪದ್ಧತಿ ಸುಲಭ. ಬಸುರಿಯರಿಗೆ ಮೂರು ಪ್ರಶ್ನೆಗಳ, 3ರಿಂದ 15 ಅಂಕದ ಪ್ಯೂಕ್ ಎಂಬ ಅಳತೆ ಇದೆ.

ಶುಂಠಿಯ ವಿಷಯದಲ್ಲಿ ಹೋಲಿಕೆಯ ಗುಳಿಗೆಯೇ ದೊಡ್ಡ ತಲೆನೋವು. ವಾಕರಿಕೆ ಸಿಹಿ ಪೆಪ್ಪರಮಿಂಟ್ ಚೀಪಿದರೂ ಸ್ವಲ್ಪ ಇಳಿಯುತ್ತದೆ, ಹಾಗಾಗಿ ಬರೀ "ಕೊಟ್ಟೆವು, ಕಡಿಮೆಯಾಯಿತು" ಎನ್ನುವುದಕ್ಕೆ ಬೆಲೆ ಇಲ್ಲ. ಹೋಲಿಕೆಗೆ ಖಾರವಿಲ್ಲದ ಗುಳಿಗೆ ಕೊಟ್ಟರೆ ಯಾರಿಗೆ ಶುಂಠಿ ಸಿಕ್ಕಿತೆಂದು ನಾಲಿಗೆಯೇ ಹೇಳಿಬಿಡುತ್ತದೆ. ಬ್ಯಾಡಗಿ ಮೆಣಸಿನಕಾಯಿ ನಮ್ಮಲ್ಲೇ ಇದೆಯಲ್ಲ ಎಂದು ಅದನ್ನು ಹಾಕಲು ಹೋಗಬೇಡಿ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ, ಹೋಲಿಕೆಯ ಗುಳಿಗೆ ಕೆಂಪಗೆ ಎದ್ದು ಕಾಣುತ್ತದೆ. ಖಾರದ ಪದಾರ್ಥ ಯಾವುದೇ ಆಗಲಿ, ಅದಕ್ಕೂ ಹೊಟ್ಟೆಯ ಮೇಲೆ ತನ್ನದೇ ಪರಿಣಾಮ ಇರುತ್ತದೆ. ಬದಲಿಗೆ ಶುಂಠಿಯ ಎರಡು ಪ್ರಮಾಣಗಳನ್ನು, ಒಂದು ತೀರಾ ಅಲ್ಪ, ಇನ್ನೊಂದು ಪೂರ್ಣ, ಎದುರುಬದುರು ಇಟ್ಟು ನೋಡುವುದು ಹೆಚ್ಚು ಪ್ರಾಮಾಣಿಕ.

ಪ್ರಶ್ನೆ: ಬಾಳಿಕೆ ಪರೀಕ್ಷೆಗೆಂದು 40 ಡಿಗ್ರಿ, ಶೇ 75 ಆರ್ದ್ರತೆಯ ಚೇಂಬರ್‌ನಲ್ಲಿ ವಾಚ್‌ಗ್ಲಾಸ್ ಮೇಲಿಟ್ಟ ಲೋಜೆಂಜ್ ವಾರದಲ್ಲಿ ಪಾಕವಾಗಿ ಹರಿಯಿತು. ಫೇಲ್ ಎಂದು ಬರೆಯಬೇಕೇ?
— ಹುಬ್ಬಳ್ಳಿ

ವಾಚ್‌ಗ್ಲಾಸ್ ಮೇಲೆ ಯಾರ ಸಕ್ಕರೆ ಲೋಜೆಂಜ್ ಇಟ್ಟರೂ ಹರಿಯುತ್ತದೆ. ಮಾರುವ ಪ್ಯಾಕಿನಲ್ಲೇ ಇಟ್ಟು ಆರು ತಿಂಗಳು ನೋಡಬೇಕು, ಜೊತೆಗೆ 30 ಡಿಗ್ರಿ, ಶೇ 75ರ ದೀರ್ಘಾವಧಿ ಪರೀಕ್ಷೆಯನ್ನೂ ಅಂದೇ ಶುರುಮಾಡಿ.  ಅಲ್ಯೂಮಿನಿಯಂ ಸ್ಟ್ರಿಪ್, ಪಿವಿಸಿ ಬ್ಲಿಸ್ಟರ್ ಎರಡನ್ನೂ ಅಕ್ಕಪಕ್ಕ ಇಡಿ. ಪಿವಿಸಿ ತೇವವನ್ನು ಒಳಬಿಡುವುದು ಕಣ್ಣಿಗೇ ಕಾಣುತ್ತದೆ. ಪ್ರತಿ ಸಲ ಹೊರತೆಗೆದಾಗ ತೂಕ, ನೀರಿನಂಶ, ಔಷಧ ಪ್ರಮಾಣ, ಮೇಲ್ಮೈ ಬೆಳ್ಳಗಾಗಿದೆಯೇ ಎಂಬುದನ್ನು ಬರೆದಿಡಿ. ಚೇಂಬರ್‌ನಿಂದ ತೆಗೆದ ಸ್ಟ್ರಿಪ್ ಕೋಣೆಯ ಉಷ್ಣತೆಗೆ ಬರುವ ತನಕ ಹರಿಯಬೇಡಿ. ಬಿಸಿ ಇರುವಾಗಲೇ ತೆಗೆದರೆ ಮೆತ್ತಗಾದ ಲೋಜೆಂಜ್ ಹಾಳೆಗೆ ಅಂಟಿ ಕಿತ್ತುಬರುತ್ತದೆ, ತೂಕದ ಲೆಕ್ಕ ಅಲ್ಲೇ ಕೆಡುತ್ತದೆ.